ಗೊಂಬೆ ಮುರಿದಿದೆಯೇ? ಎಸೆಯಬೇಡಿ

ನವರಾತ್ರಿಗೆ ಮುನ್ನ ಟ್ರಂಕು ತೆರೆದಾಗ ಒಂದಾದರೂ ಗೊಂಬೆಯ ಕೈ ಮುರಿದಿರುತ್ತದೆ, ಅಲ್ಲವೇ? ತವರಿನಿಂದ ಬಂದ ಪಟ್ಟದ ಗೊಂಬೆಯಾದರಂತೂ ಹೊಟ್ಟೆ ಚುರ್ ಎನ್ನುತ್ತದೆ. ಅವಸರದಲ್ಲಿ ಫೆವಿಕ್ವಿಕ್ ಹುಡುಕಬೇಡಿ. ಮೊದಲು ಗೊಂಬೆ ಯಾವುದರದ್ದು ಎಂದು ನೋಡಿ.

ಚನ್ನಪಟ್ಟಣದ್ದಾದರೆ ಒಳಗೆ ಮರ, ಸಾಮಾನ್ಯವಾಗಿ ಆಲೆ ಮರ. ಮೇಲಿನ ಹೊಳಪು ಅರಗಿನದು. ಅರಗೂ ಒಂದು ರೆಸಿನ್ನೇ, ಕೀಟ ಕೊಟ್ಟ ರೆಸಿನ್. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಆ ಉಜ್ಜುವಿಕೆಯ ಬಿಸಿಗೇ ಕರಗಿ ಅಂಟಿಕೊಳ್ಳುತ್ತದೆ. ಬಿಸಿಯಲ್ಲಿ ಹತ್ತಿದ್ದು ಬಿಸಿಯಲ್ಲೇ ಮೆತ್ತಗಾಗುತ್ತದೆ. ಆದ್ದರಿಂದ ಜೂನ್ ಬಿಸಿಲಿನಲ್ಲಿ ಕಾರಿನೊಳಗೋ ತಾರಸಿಯ ಕೋಣೆಯಲ್ಲೋ ಗೊಂಬೆ ಇಡಬೇಡಿ. ಸ್ಪಿರಿಟ್, ಸ್ಯಾನಿಟೈಸರ್ ತಾಗಿದರೆ ಅರಗು ಕರಗುತ್ತದೆ. ನೀರು ನಿಂತರೆ ಬಿಳಿ ಮಚ್ಚೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಮ್ಮ ದಿಲ್ಲಿಯ ಹವೆಯೂ ಶತ್ರುವೇ. ಮೇ ತಿಂಗಳ ಒಣಗಾಳಿಗೆ ಮರ ಕುಗ್ಗುತ್ತದೆ, ಆಗಸ್ಟ್‌ನಲ್ಲಿ ಹಿಗ್ಗುತ್ತದೆ, ಜನವರಿಯಲ್ಲಿ ಹೀಟರ್ ಮುಂದೆ ಮತ್ತೆ ಬಿರಿಯುತ್ತದೆ. ಮರದ ಕೀಲು ಬಿಟ್ಟಿದ್ದರೆ ಫೆವಿಕಾಲ್ ತೆಳುವಾಗಿ ಹಚ್ಚಿ, ದಾರ ಸುತ್ತಿ ಒಂದು ದಿನ ಬಿಡಿ. ಮುಂದೆ ಬಿಡಿಸಬೇಕಾದರೆ ಒದ್ದೆ ಬಟ್ಟೆಗೆ ಅದು ಮೆತ್ತಗಾಗುತ್ತದೆ. ಉದುರಿದ ಅರಗಿನ ಚೂರನ್ನು ಮೇಣದಬತ್ತಿಗೆ ಹಿಡಿಯಬೇಡಿ, ಕಾಗದದಲ್ಲಿ ಮಡಚಿ ಗೊಂಬೆಯ ಜೊತೆಯಲ್ಲೇ ಇಡಿ.

ಈಗ ಅಂಗಡಿಯಲ್ಲಿ ಸಿಗುವ ರೆಸಿನ್ ಗಣೇಶ, ದಶಾವತಾರಗಳ ಕಥೆ ಬೇರೆ. ಇವು ಅಚ್ಚಿನಲ್ಲಿ ಸುರಿದವು. ಬಿದ್ದರೆ ಗಾಜಿನಂತೆ ಚಟ್ಟನೆ ಮುರಿಯುತ್ತವೆ. ಎಣ್ಣೆ, ಕುಂಕುಮದ ಜಿಡ್ಡಿದ್ದರೆ ಯಾವ ಅಂಟೂ ಹಿಡಿಯದು. ಮುರಿದ ಅಂಚನ್ನು ಸೋಪಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಎರಡು ಟ್ಯೂಬಿನ ಅರಾಲ್ಡೈಟನ್ನು ಸಮ ಸಮ ಬೆರೆಸಿ ಹಚ್ಚಿ. ಚಳಿಗಾಲದಲ್ಲಿ ಇದು ಗಟ್ಟಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆತುರಪಟ್ಟರೆ ಕೈ ಮತ್ತೆ ಜಾರುತ್ತದೆ. ನೇಲ್ ಪಾಲಿಶ್ ರಿಮೂವರ್ ಮಾತ್ರ ಬೇಡ, ಬಣ್ಣವನ್ನೇ ತಿಂದುಬಿಡುತ್ತದೆ.

ಹಳೆಯ ಗೊಂಬೆಗೆ ಹೊಸ ಬಣ್ಣ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಅಜ್ಜಿಯ ಕಾಲದ ಕಣ್ಣು ಹುಬ್ಬನ್ನು ಎನಾಮಲ್ ಡಬ್ಬಿಯಿಂದ ವಾಪಸು ತರಲಾಗದು. ಬಹಾದುರ್ ಷಾ ಜಫರ್ ಮಾರ್ಗದಲ್ಲಿ 1965ರಲ್ಲಿ ಶುರುವಾದ ಶಂಕರ್ ಗೊಂಬೆ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಗೊಂಬೆಗಳನ್ನು ಗಾಜಿನೊಳಗೆ ಹೇಗೆ ಇಟ್ಟಿದ್ದಾರೆ ನೋಡಿ. ಮನೆಯಲ್ಲಿ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿದರೂ ಆಯಿತು. ಸುದ್ದಿಪತ್ರಿಕೆಯಲ್ಲಿ ಬೇಡ, ಮಸಿ ಹತ್ತುತ್ತದೆ.