ಓತಿಯ ಕೈಯಲ್ಲಿದೆ ರೆಕ್ಕೆಯ ಲಗಾಮು

ಮಲೆನಾಡಿನ ಅಡಿಕೆ ತೋಟದಲ್ಲಿ, ಕಲ್ಲುಹೂವು ಮೆತ್ತಿದ ಬೂದು ಮರವೊಂದನ್ನು ಆರಿಸಿಕೊಂಡು ಸುಮ್ಮನೆ ನೋಡುತ್ತ ನಿಲ್ಲಿ. ಮೊದಲು ಏನೂ ಕಾಣುವುದಿಲ್ಲ. ತಾಳ್ಮೆಯಿಂದ ಕಾದರೆ, ತೊಗಟೆಯೇ ಎಂದುಕೊಂಡಿದ್ದ ಜಾಗದಿಂದ ಹಳದಿಯ ಚೂಪು ಪದರವೊಂದು ಚಕ್ಕನೆ ಹೊರಚಾಚಿ ಮಡಚಿಕೊಳ್ಳುತ್ತದೆ. ಗಂಡು ಹಾರುವ ಓತಿ! ಹೆಣ್ಣನ್ನು ಒಲಿಸುವುದಕ್ಕೂ ಎದುರಾಳಿಯನ್ನು ಗದರಿಸುವುದಕ್ಕೂ ಗಂಟಲಡಿಯ ಆ ಹಳದಿ ಬಾವುಟವೇ ಅದರ ಮಾತು.

ತೇಜಸ್ವಿಯವರ 'ಕರ್ವಾಲೊ' ಕಾದಂಬರಿ 1980ರಲ್ಲಿ ಬಂದ ಮೇಲೆ ನಮ್ಮಲ್ಲಿ ಎಷ್ಟೋ ಜನ ಇದನ್ನು ಮರದ ಮೇಲೆ ನೋಡುವ ಮೊದಲೇ ಪುಸ್ತಕದಲ್ಲಿ ನೋಡಿದರು. ವಿಜ್ಞಾನಕ್ಕೆ ಇದು ಡ್ರಾಕೊ ಡುಸುಮಿಯೇರಿ. 1837ರಲ್ಲಿ ಫ್ರೆಂಚ್ ತಜ್ಞರು ಇಟ್ಟ ಹೆಸರು. ಬಾಲ ಸೇರಿದರೂ ಗೇಣುದ್ದದ ಪ್ರಾಣಿ, ಮುಖ್ಯ ಆಹಾರ ಇರುವೆ.

ಹಕ್ಕಿಗೂ ಬಾವಲಿಗೂ ಮುಂಗಾಲೇ ರೆಕ್ಕೆಯಾಗಿದೆ. ಓತಿಗೆ ನಾಲ್ಕೂ ಕಾಲು ಮರ ಹತ್ತುವುದಕ್ಕೆ ಬೇಕು. ಹಾಗಾಗಿ ಅದರ ರೆಕ್ಕೆ ಹುಟ್ಟಿದ್ದು ಪಕ್ಕೆಲುಬುಗಳಿಂದ. ಎರಡೂ ಬದಿಯ ಕೆಲವು ಎಲುಬುಗಳು ಉದ್ದವಾಗಿ ಬೆಳೆದಿವೆ, ಅವುಗಳ ನಡುವೆ ತೆಳು ತೊಗಲು, ಕೊಡೆಯ ಕಡ್ಡಿ ಮತ್ತು ಬಟ್ಟೆಯ ಹಾಗೆ. ಕೂತಾಗ ಮಡಚಿ ಮೈಗಂಟಿಕೊಳ್ಳುತ್ತದೆ.

ಆದರೆ ಬಿಚ್ಚಿದ ಕೊಡೆಯನ್ನು ಗಾಳಿಯಲ್ಲಿ ತಿರುಗಿಸುವವರು ಯಾರು? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಆಗುಂಬೆಯಲ್ಲಿ ಎಂಬುದು ನನಗೆ ಬಲು ಸಂತೋಷದ ಸಂಗತಿ. ಜರ್ಮನಿಯ ಜೀವವಿಜ್ಞಾನಿ ಮ್ಯಾಕ್ಸಿಮಿಲಿಯನ್ ಡೇಲಿಂಗ್ ಅಲ್ಲಿ ಈ ಓತಿಗಳ ಜಿಗಿತವನ್ನು ಕ್ಯಾಮೆರಾದಲ್ಲಿ ಹಿಡಿದು 2017ರಲ್ಲಿ ಪ್ರಕಟಿಸಿದರು. ಓತಿ ತಲೆ ಮುಂದಾಗಿ ಜಿಗಿಯುತ್ತದೆ, ರೆಕ್ಕೆ ಬಿಚ್ಚುತ್ತದೆ, ಕೂಡಲೇ ಕೈಗಳನ್ನು ಹಿಂದಕ್ಕೊಯ್ದು ಮಣಿಕಟ್ಟು ಹೊರಳಿಸಿ ರೆಕ್ಕೆಯ ಮುಂದಿನ ಅಂಚನ್ನು ಉಗುರುಗಳಿಂದ ಹಿಡಿದುಕೊಳ್ಳುತ್ತದೆ. ತೇಲುವಷ್ಟು ಹೊತ್ತೂ ಆ ಹಿಡಿತ ಬಿಡುವುದಿಲ್ಲ. ಕೈ ಮತ್ತು ರೆಕ್ಕೆ ಕೂಡಿ ಒಂದೇ ಅಂಗವಾಗುತ್ತವೆ. ಎದುರಿನ ಮರ ಹತ್ತಿರವಾದಾಗ ಕೈ ಬಿಟ್ಟು ಮುಂದಕ್ಕೆ ಚಾಚಿ ಕಾಂಡವನ್ನು ತಬ್ಬುತ್ತದೆ. ಇಷ್ಟೂ ಕೆಲವೇ ಕ್ಷಣಗಳಲ್ಲಿ ಮುಗಿಯುವುದರಿಂದ ಬರಿಗಣ್ಣಿಗೆ ದಕ್ಕಿರಲಿಲ್ಲ.

ಹೀಗೆ ಮರದಿಂದ ಮರಕ್ಕೆ ತೇಲುವ ಬದುಕಾದರೂ, ಮೊಟ್ಟೆಯಿಡಲು ಮಾತ್ರ ಹೆಣ್ಣು ನೆಲಕ್ಕಿಳಿಯಲೇಬೇಕು. ಮೂತಿಯಿಂದಲೇ ಮಣ್ಣು ತೋಡಿ, ಮೊಟ್ಟೆಯಿಟ್ಟು, ಗುಳಿ ಮುಚ್ಚುತ್ತದೆ. ಹಾವು, ಕೋಳಿ, ನಾಯಿ ಎಲ್ಲಕ್ಕೂ ಸುಲಭದ ತುತ್ತಾಗುವ ಹೊತ್ತು ಅದು. ಆಮೇಲೆ ಹತ್ತಿರದ ಕಾಂಡ ಹಿಡಿದು ಮೇಲೇರುತ್ತದೆ. ಪ್ರತಿ ತೇಲಾಟದಲ್ಲೂ ಎತ್ತರ ಕಳೆದುಕೊಳ್ಳುವ ಈ ಜೀವಿ, ಮುಂದಿನ ಜಿಗಿತಕ್ಕೆ ಬೇಕಾದ ಎತ್ತರವನ್ನು ಕಾಲಿನಿಂದಲೇ ಹತ್ತಿ ಗಳಿಸಬೇಕು.