ಅಂಗಾತ ಈಜು

ಅಂಗಾತ ಈಜು ಅಥವಾ ಬ್ಯಾಕ್‌ಸ್ಟ್ರೋಕ್ ಎಂಬುದು ಬೆನ್ನನ್ನು ನೀರಿಗೂ ಮುಖವನ್ನು ಆಕಾಶಕ್ಕೂ ಮಾಡಿ ಈಜುವ ಶೈಲಿಯಾಗಿದೆ. ಸ್ಪರ್ಧಾತ್ಮಕ ಈಜಿನ ನಾಲ್ಕು ಶೈಲಿಗಳಲ್ಲಿ ಬೆನ್ನ ಮೇಲೆ ಈಜುವ ಶೈಲಿ ಇದೊಂದೇ. ವೇಗದಲ್ಲಿ ಇದು ಫ್ರೀಸ್ಟೈಲ್ ಮತ್ತು ಬಟರ್‌ಫ್ಲೈ ಶೈಲಿಗಳಿಗಿಂತ ಹಿಂದೆಯೂ ಬ್ರೆಸ್ಟ್‌ಸ್ಟ್ರೋಕ್‌ಗಿಂತ ಮುಂದೆಯೂ ಇದೆ. ಮುಖವು ನೀರಿನ ಮೇಲಿರುವುದರಿಂದ ಉಸಿರಾಟ ಸುಲಭ. ಆದರೆ ಸಾಗುವ ದಿಕ್ಕು ಈಜುಗಾರನಿಗೆ ಕಾಣಿಸುವುದಿಲ್ಲ.

ಇತಿಹಾಸ

1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ 200 ಮೀಟರ್ ಸ್ಪರ್ಧೆಯ ಮೂಲಕ ಈ ಶೈಲಿ ಒಲಿಂಪಿಕ್ಸ್ ಪ್ರವೇಶಿಸಿತು. ಮಹಿಳೆಯರ 100 ಮೀಟರ್ ಸ್ಪರ್ಧೆ 1924ರಲ್ಲಿ ಸೇರ್ಪಡೆಯಾಯಿತು. ಮೊದಲಿಗೆ ಎರಡೂ ಕೈಗಳನ್ನು ಒಟ್ಟಿಗೆ ಬೀಸಿ ಈಜುವ ರೂಢಿಯಿತ್ತು. 1912ರ ಸ್ಟಾಕ್‌ಹೋಮ್ ಕ್ರೀಡಾಕೂಟದಲ್ಲಿ ಅಮೆರಿಕದ ಹ್ಯಾರಿ ಹೆಬ್ನರ್ ಕೈಗಳನ್ನು ಒಂದರ ನಂತರ ಒಂದರಂತೆ ಬೀಸಿ ಗೆದ್ದ ಮೇಲೆ ಆ ಕ್ರಮವೇ ನೆಲೆಗೊಂಡಿತು. ಪ್ರಸ್ತುತ 100 ಮತ್ತು 200 ಮೀಟರ್ ಸ್ಪರ್ಧೆಗಳಿದ್ದು, 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ 50 ಮೀಟರ್ ಸ್ಪರ್ಧೆಯನ್ನೂ ಸೇರಿಸಲಾಗಿದೆ.

ತಂತ್ರ

ದೇಹದ ಭಂಗಿ: ತಲೆ, ಬೆನ್ನು ಮತ್ತು ಸೊಂಟ ಒಂದೇ ರೇಖೆಯಲ್ಲಿ, ನೀರಿನ ಮೇಲ್ಮೈಗೆ ಸಮೀಪವಾಗಿರಬೇಕು. ಕಿವಿಗಳು ನೀರಿನೊಳಗೆ ಮುಳುಗಿರಬೇಕು. ದೃಷ್ಟಿ ನೇರವಾಗಿ ಮೇಲಕ್ಕಿರಬೇಕು. ಪಾದಗಳನ್ನು ನೋಡಲು ತಲೆ ಎತ್ತಿದರೆ ಸೊಂಟ ಕುಸಿದು ದೇಹವು ಕುಳಿತ ಭಂಗಿಗೆ ಬರುತ್ತದೆ. ಆಗ ನೀರಿನ ತಡೆ ಹೆಚ್ಚುತ್ತದೆ. ಕಲಿಯುವವರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ದೋಷ ಇದೇ.

ಕಾಲಿನ ಚಲನೆ: ಒದೆತವು ಮಂಡಿಯಿಂದಲ್ಲ, ಸೊಂಟದ ಕೀಲಿನಿಂದ ಆರಂಭವಾಗಬೇಕು. ಪಾದದ ಗಂಟು ಸಡಿಲವಾಗಿದ್ದು, ಬೆರಳುಗಳು ಚಾಚಿರಬೇಕು. ಮಂಡಿಗಳು ನೀರಿನ ಮೇಲೆ ಬಂದರೆ ಸೈಕಲ್ ತುಳಿದಂತಾಗಿ ಶಕ್ತಿ ವ್ಯರ್ಥವಾಗುತ್ತದೆ. ಎರಡೂ ಕೈಗಳ ಒಂದು ಪೂರ್ಣ ಸುತ್ತಿಗೆ ಸಾಮಾನ್ಯವಾಗಿ ಆರು ಒದೆತಗಳಿರುತ್ತವೆ.

ಕೈಯ ಚಲನೆ: ಕೈಯು ಹೆಬ್ಬೆರಳು ಮೊದಲಾಗಿ ನೀರಿನಿಂದ ಹೊರಬಂದು, ಮೊಣಕೈ ಬಾಗದೆ ಮೇಲೇರಿ, ಕಿರುಬೆರಳು ಮೊದಲಾಗಿ ನೀರನ್ನು ಸೇರುತ್ತದೆ. ತಲೆಯ ನೆತ್ತಿಯನ್ನು ಗಡಿಯಾರದ 12 ಎಂದು ಭಾವಿಸಿದರೆ, ಕೈಗಳು 11 ಮತ್ತು 1ರ ನೇರಕ್ಕೆ ಇಳಿಯಬೇಕು. ನೆತ್ತಿಯ ಹಿಂದಕ್ಕೆ ದಾಟಿ ಇಳಿದರೆ ದೇಹವು ಹಾವಿನಂತೆ ಅತ್ತಿತ್ತ ಹೊರಳುತ್ತದೆ. ನೀರಿನೊಳಗೆ ಮೊಣಕೈಯನ್ನು ಸುಮಾರು 90 ಡಿಗ್ರಿ ಬಾಗಿಸಿ, ಅಂಗೈಯಿಂದ ನೀರನ್ನು ಪಾದಗಳ ದಿಕ್ಕಿಗೆ ತೊಡೆಯವರೆಗೂ ತಳ್ಳಬೇಕು. ಇದು ಸಾಧ್ಯವಾಗಲು ಪ್ರತಿ ಬೀಸಿಗೂ ಭುಜ ಮತ್ತು ಸೊಂಟ ಒಟ್ಟಿಗೆ ಹೊರಳಬೇಕು. ತಲೆ ಮಾತ್ರ ಅಲುಗಾಡಬಾರದು.

ಉಸಿರಾಟ: ಒಂದು ಕೈ ಮೇಲೇರುವಾಗ ಉಸಿರು ಎಳೆದುಕೊಂಡು ಇನ್ನೊಂದು ಮೇಲೇರುವಾಗ ಬಿಡುವುದು ಸಾಮಾನ್ಯ ಕ್ರಮ.

ಸ್ಪರ್ಧಾ ನಿಯಮಗಳು

ಈ ಸ್ಪರ್ಧೆ ನೀರಿನೊಳಗಿಂದಲೇ ಆರಂಭವಾಗುತ್ತದೆ. ಆದ್ದರಿಂದ ಮೆಡ್ಲೆ ರಿಲೇಯಲ್ಲಿ ಇದಕ್ಕೆ ಮೊದಲ ಸ್ಥಾನವಿದೆ. ಆರಂಭದಲ್ಲಿ ಮತ್ತು ಪ್ರತಿ ತಿರುವಿನ ನಂತರ 15 ಮೀಟರ್‌ವರೆಗೆ ನೀರಿನಡಿ ಸಾಗಬಹುದು. ಗೋಡೆ ಸಮೀಪಿಸಿತೆಂದು ತಿಳಿಸಲು ಗೋಡೆಯಿಂದ 5 ಮೀಟರ್ ದೂರದಲ್ಲಿ ಬಾವುಟಗಳ ಸಾಲು ಕಟ್ಟಿರುತ್ತಾರೆ. ಬಾವುಟದಿಂದ ಗೋಡೆಗೆ ತನಗೆ ಎಷ್ಟು ಬೀಸು ಬೇಕೆಂದು ಈಜುಗಾರ ಎಣಿಸಿ ತಿಳಿದಿರಬೇಕು. ತಿರುವಿನಲ್ಲಿ ಹೊಟ್ಟೆಯ ಮೇಲೆ ಹೊರಳಲು ಅವಕಾಶವಿದೆ. ಆದರೆ ಗೋಡೆಯನ್ನು ಬಿಡುವಾಗ ಮತ್ತು ಸ್ಪರ್ಧೆ ಮುಗಿಸುವಾಗ ಬೆನ್ನ ಮೇಲೆಯೇ ಇರಬೇಕು.

ಕಲಿಕೆಯ ಕ್ರಮ

ಮೊದಲು ಎದೆಮಟ್ಟದ ನೀರಿನಲ್ಲಿ, ಬಲ್ಲವರ ಆಸರೆಯೊಂದಿಗೆ ಅಂಗಾತ ತೇಲುವುದನ್ನು ಕಲಿಯಬೇಕು. ನಂತರ ಕೈಗಳನ್ನು ಪಕ್ಕದಲ್ಲಿಟ್ಟು ಒದೆತವನ್ನು, ಬಳಿಕ ಒಂದೇ ಕೈಯ ಬೀಸನ್ನು, ಕೊನೆಗೆ ಎರಡೂ ಕೈಗಳ ಚಲನೆಯನ್ನು ಅಭ್ಯಾಸ ಮಾಡಬೇಕು. ತಲೆ ಸ್ಥಿರವಾಗಿದೆಯೇ ಎಂದು ಪರೀಕ್ಷಿಸಲು ಹಣೆಯ ಮೇಲೆ ನೀರು ತುಂಬಿದ ಲೋಟವನ್ನಿಟ್ಟು ಒದೆಯುವ ಅಭ್ಯಾಸ ಪ್ರಸಿದ್ಧವಾಗಿದೆ.

ಕರ್ನಾಟಕದಲ್ಲಿ

ಈ ಶೈಲಿಯ ಪ್ರಮುಖ ಭಾರತೀಯ ಸ್ಪರ್ಧಿ ಶ್ರೀಹರಿ ನಟರಾಜ್ ಬೆಂಗಳೂರಿನವರು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ 100 ಮೀಟರ್ ದೂರವನ್ನು 53.77 ಸೆಕೆಂಡುಗಳಲ್ಲಿ ಕ್ರಮಿಸಿ, ಒಲಿಂಪಿಕ್ಸ್‌ನ ‘ಎ’ ಅರ್ಹತಾ ಮಟ್ಟವಾದ 53.85 ಸೆಕೆಂಡುಗಳನ್ನು ದಾಟಿದರು. ಸಾಜನ್ ಪ್ರಕಾಶ್ ಅವರ ನಂತರ ಈ ಸಾಧನೆ ಮಾಡಿದ ಎರಡನೆಯ ಭಾರತೀಯ ಈಜುಗಾರ ಅವರಾಗಿದ್ದಾರೆ. ಟೋಕಿಯೊ ಮತ್ತು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಅವರು ಸ್ಪರ್ಧಿಸಿದರು.

ಗ್ರಾಮೀಣ ಭಾಗದಲ್ಲಿ ಈಜು ಕಲಿಕೆ ಬಾವಿ, ಕೆರೆ ಮತ್ತು ಹೊಳೆಗಳಲ್ಲಿ ನಡೆಯುತ್ತದೆ. ಸೊಂಟಕ್ಕೆ ಒಣ ಸೋರೆಬುರುಡೆ ಅಥವಾ ಖಾಲಿ ಡಬ್ಬಿ ಕಟ್ಟಿಕೊಂಡು ಕಲಿಯುವ ವಾಡಿಕೆಯಿದೆ. ಇದು ದೇಹವನ್ನು ತೇಲಿಸುತ್ತದೆಯಾದರೂ ಗಂಟು ಬಿಚ್ಚಿದರೆ ಅಪಾಯವಿರುವುದರಿಂದ ಮೇಲ್ವಿಚಾರಣೆಗೆ ಬದಲಿಯಾಗಲಾರದು.

ನದಿ ನೀರು ಮತ್ತು ಸುರಕ್ಷತೆ

ಈಜುಕೊಳದಲ್ಲಿ ಕಲಿತ ಅಂಗಾತ ಈಜನ್ನು ಹರಿಯುವ ನದಿಯಲ್ಲಿ ಹಾಗೆಯೇ ಬಳಸಲಾಗದು. ಅಲ್ಲಿ ಬಾವುಟಗಳಿಲ್ಲ, ಗೋಡೆಯಿಲ್ಲ. ಮುಂದಿರುವ ಬಂಡೆ ಅಥವಾ ಮರದ ದಿಮ್ಮಿ ಕಾಣದು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಯಡೂರು ಇದಕ್ಕೆ ಉದಾಹರಣೆ. ವೀರಭದ್ರ ದೇವಾಲಯಕ್ಕೆ ಹೆಸರಾದ ಈ ಗ್ರಾಮ ಕೃಷ್ಣಾ ನದಿಯ ದಂಡೆಯಲ್ಲಿದೆ. ಮಹಾರಾಷ್ಟ್ರದ ಜಲಾನಯನ ಪ್ರದೇಶದಲ್ಲಿ ಮಳೆ ಹೆಚ್ಚಿದಾಗ ಇಲ್ಲಿ ನದಿ ಏರುತ್ತದೆ. ಕಲ್ಲೋಳ–ಯಡೂರು ಬ್ಯಾರೇಜ್ ಮಳೆಗಾಲದಲ್ಲಿ ಪದೇ ಪದೇ ಮುಳುಗಡೆಯಾಗುತ್ತದೆ. ಸ್ಥಳದಲ್ಲಿ ಮಳೆಯಿಲ್ಲದಿದ್ದರೂ ನೀರು ಏರಬಹುದು ಎಂಬುದನ್ನು ನದಿಗಿಳಿಯುವವರು ಗಮನಿಸಬೇಕು. ಬ್ಯಾರೇಜ್‌ನ ಮೇಲ್ಭಾಗದಲ್ಲಿ ಸೆಳೆತವೂ ಕೆಳಭಾಗದಲ್ಲಿ ಸುಳಿಯೂ ಇರುವುದರಿಂದ ಅದರ ಸಮೀಪ ಈಜಬಾರದು.

ಆದರೆ ಈ ಶೈಲಿಯ ಮೊದಲ ಪಾಠವಾದ ಅಂಗಾತ ತೇಲುವಿಕೆ ಎಲ್ಲ ನೀರಿನಲ್ಲೂ ಉಪಯುಕ್ತ. ಮುಳುಗುವ ಭಯದಲ್ಲಿ ಕೈಗಳನ್ನು ನೀರಿನ ಮೇಲೆತ್ತಿ ಬಡಿದರೆ ದೇಹ ಇನ್ನಷ್ಟು ಕೆಳಗಿಳಿಯುತ್ತದೆ. ತಲೆಯನ್ನು ಹಿಂದಕ್ಕೆ ಚೆಲ್ಲಿ, ಎದೆ ತುಂಬ ಉಸಿರು ಹಿಡಿದು, ಕೈಗಳನ್ನು ಹರಡಿದರೆ ಬಾಯಿ ಮತ್ತು ಮೂಗು ಮೇಲುಳಿಯುತ್ತವೆ. ಪ್ರವಾಹದಲ್ಲಿ ಸಿಲುಕಿದವರು ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಪಾದಗಳನ್ನು ಮೇಲ್ಮೈಯಲ್ಲಿಟ್ಟು ಅಂಗಾತ ತೇಲಬೇಕು. ಹೀಗಿದ್ದರೆ ಅಡೆತಡೆಗಳು ತಲೆಗೆ ಬದಲು ಕಾಲಿಗೆ ತಾಗುತ್ತವೆ. ಹರಿವಿಗೆ ಎದುರಾಗಿ ಈಜದೆ, ಓರೆಯಾಗಿ ದಡದತ್ತ ಸರಿಯಬೇಕು.