ಕಾಂಗ್ರೆಸ್ ಗಿಡ ಹೂ ಬಿಡುವ ತಿಂಗಳುಗಳು

ಮುಂಗಾರಿನ ಒಂದೆರಡು ಹದ ಮಳೆ ಬಿದ್ದರೆ ಸಾಕು, ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಕೆರೆ ಏರಿಯ ಇಳಿಜಾರಿನಲ್ಲಿ ಕಾಂಗ್ರೆಸ್ ಗಿಡ ಮೊಳೆಯುತ್ತದೆ. ಮೊದಮೊದಲು ಸೇವಂತಿಗೆಯಂಥ ಸೀಳೆಲೆಗಳನ್ನು ಸುತ್ತಲೂ ಹರಡಿಕೊಂಡು ನೆಲಕ್ಕಂಟಿ ಕೂತಿರುತ್ತದೆ. ಆಮೇಲೆ ನಡುವಿನಿಂದ ಗೀರುಗೀರಾದ ಕಾಂಡ ಎದ್ದು ಕವಲೊಡೆಯುತ್ತದೆ. ಮೊಳೆತ ಸುಮಾರು ಒಂದು ತಿಂಗಳಿಗೆ ಹೂ. ಮೆಣಸಿನ ಕಾಳಿಗಿಂತಲೂ ಚಿಕ್ಕದಾದ ಬಿಳಿ ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಒಂದು ಹೂವಲ್ಲ, ಹೂಗಳ ಗುಂಪು ಎಂಬುದು ತಿಳಿಯುತ್ತದೆ. ಅಂಚಿನ ಐದು ಮೂಲೆಗಳಲ್ಲಿ ಐದು ಹೆಣ್ಣು ಹೂ. ಬೀಜ ಕಟ್ಟುವುದು ಆ ಐದು ಮಾತ್ರ. ನಡುವೆ ಒತ್ತೊತ್ತಾಗಿ ತುಂಬಿಕೊಂಡಿರುವ ಹತ್ತಾರು ಗಂಡು ಹೂಗಳಿಗೆ ಪರಾಗ ಚೆಲ್ಲುವುದೊಂದೇ ಕೆಲಸ. ಚೆನ್ನಾಗಿ ಬೆಳೆದ ಒಂದು ಗಿಡದಲ್ಲಿ ಇಂಥ ಸಾವಿರಾರು ಗುಂಪುಗಳಿರುತ್ತವೆ. ಗಾಳಿಗೆ ಎಷ್ಟು ಪರಾಗ ಸೇರುತ್ತದೆಂದು ನೀವೇ ಊಹಿಸಿ.

ಗಾಜಿನ ಪಟ್ಟಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ತಾರಸಿಯ ಕಟ್ಟೆಯ ಮೇಲೆ ಒಂದು ಹಗಲು ಬಿಟ್ಟು, ಸಂಜೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡುವುದು ನನ್ನ ಹಳೆಯ ರೂಢಿ. ಮಳೆಗಾಲದ ಬಿಡುವಿನ ದಿನಗಳಲ್ಲಿ ಅದರ ಮೇಲೆ ಕಾಂಗ್ರೆಸ್ ಗಿಡದ ಪರಾಗವೇ ಹೆಚ್ಚು: ಮೈತುಂಬ ಮೊನಚು ಮುಳ್ಳಿರುವ ಪುಟ್ಟ ಉಂಡೆಗಳು, ಬಹುಪಾಲು ಒಂದಕ್ಕೊಂದು ಅಂಟಿ ಗಂಟುಗಂಟಾಗಿ. ಅವುಗಳ ನಡುವೆ ಹುಲ್ಲಿನ ಪರಾಗ ಬೇರೆಯಾಗಿಯೇ ಕಾಣುತ್ತದೆ. ನುಣುಪಾದ ಗುಂಡು, ಒಂದೇ ಒಂದು ರಂಧ್ರ. ಫೆಬ್ರವರಿ, ಮಾರ್ಚಿನಲ್ಲಿ ಸರ್ವೆ ಮರದ ಸರದಿ. ಆದರೆ ಜನ ನೆಗಡಿಗೆ ದೂರುವ ಗುಲ್‌ಮೊಹರ್, ತಬೂಬಿಯಾಗಳ ಪರಾಗ ಈ ಗಾಜಿನ ಮೇಲೆ ಸಿಗುವುದು ಅಪರೂಪ. ಕಣ್ಣು ಸೆಳೆಯುವ ಹೂಗಳ ಪರಾಗ ದಪ್ಪ, ಜಿಗುಟು. ಅದನ್ನು ಹೊರುವುದು ಹುಳ, ಹಕ್ಕಿ. ನಮ್ಮ ಮೂಗಿಗೆ ಬರುವುದು ಹೆಚ್ಚಾಗಿ ಯಾರೂ ತಿರುಗಿ ನೋಡದ ಹೂಗಳ ಪರಾಗ.

ಗಾಜಿನ ಪಟ್ಟಿಯ ಈ ವಿಧಾನವನ್ನು ಅಲರ್ಜಿಯ ಬೆನ್ನುಹತ್ತಲು ಬಳಸಿದವರಲ್ಲಿ ಮೊದಲಿಗ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ. ಬೇಸಿಗೆ ಬಂದರೆ ಸೀನಿ ಸೀನಿ ಹಣ್ಣಾಗುತ್ತಿದ್ದ ಆತ ಅಂಟು ಸವರಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಎತ್ತರದ ಗಾಳಿಯಲ್ಲೂ ಹುಲ್ಲಿನ ಪರಾಗ ತೇಲುತ್ತಿರುವುದನ್ನು ಕಂಡುಕೊಂಡ. ತನ್ನ ಮೂಗಿನ ಮೇಲೇ ಪ್ರಯೋಗ ಮಾಡಿಕೊಂಡ. 1873ರಲ್ಲಿ ಅವನ ಪುಸ್ತಕ ಬಂತು. ಔಷಧ ಹುಡುಕುವ ಮುಂಚೆ ಅಷ್ಟು ತಾಳ್ಮೆಯಿಂದ ಗಾಳಿಯನ್ನು ಗಮನಿಸಿದ ಆ ಮನುಷ್ಯನ ಮೇಲೆ ನನಗೆ ದೊಡ್ಡ ಗೌರವ.

ಈಗ ಈ ಅಲರ್ಜಿಯ ಜೊತೆಗೇ ಬರುವ ಸುಸ್ತಿನ ಮಾತು. ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ತರಕಾರಿ ತರುವವರು ಜೂನ್‌ನಲ್ಲಿ ಆರೂವರೆಗೇ ಕೂಗುತ್ತಾ ಬರುತ್ತಾರೆ. ಆಗಸ್ಟ್ ಹೊತ್ತಿಗೆ ಅವರ ಗಾಡಿ ಎಂಟಕ್ಕೆ. ಕಣ್ಣು ಕೆಂಪು, ಕಣ್ಣ ಕೆಳಗೆ ಕಪ್ಪು ನೆರಳು, ಬಾಯಿ ಅರೆ ತೆರೆದೇ ಇರುತ್ತದೆ. “ನೆಗಡಿ ಹೆಂಗೋ ತಡ್ಕೋಬಹುದು ಸಾರ್, ಈ ಸುಸ್ತು ತಡ್ಯಕಾಗಲ್ಲ. ರಾತ್ರಿಯೆಲ್ಲ ಮಲಗಿದ್ರೂ ಬೆಳಗ್ಗೆ ಮೈ ಏಳಲ್ಲ. ಮನೇಲಿ ಸೋಮಾರಿ ಅಂತಾರೆ” ಎಂದರು ಒಮ್ಮೆ. ಅದು ಸೋಮಾರಿತನವಲ್ಲ. ಅಲರ್ಜಿ ಇರುವವರ ಬಾಯಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳಿದ್ದೇನೆ. ಆ ತಿಂಗಳುಗಳಲ್ಲಿ ನನ್ನ ಮೈಯೂ ಇದನ್ನೇ ಹೇಳುತ್ತದೆ.

ಕಾರಣ ಒಂದಲ್ಲ. ಮೂಗಿನ ಒಳಪದರ ಪರಾಗವನ್ನು ಶತ್ರುವೆಂದು ಬಗೆದು ಹಿಸ್ಟಮಿನ್ ಸುರಿಸುತ್ತದೆ. ರಕ್ತನಾಳಗಳು ಹಿಗ್ಗಿ ಪದರ ಊದುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತ ಹೆಚ್ಚು ಹರಿದು ಮೂಗು ಇನ್ನಷ್ಟು ಕಟ್ಟುತ್ತದೆ. ಬಾಯಲ್ಲಿ ಉಸಿರಾಡಬೇಕು, ಗಂಟಲು ಒಣಗುತ್ತದೆ, ನಮಗೆ ಗೊತ್ತಾಗದಷ್ಟು ಚಿಕ್ಕ ಎಚ್ಚರಗಳು ರಾತ್ರಿಯುದ್ದಕ್ಕೂ ನಿದ್ದೆಯನ್ನು ತುಂಡರಿಸುತ್ತವೆ. ಗಡಿಯಾರದ ಲೆಕ್ಕದಲ್ಲಿ ಎಂಟು ಗಂಟೆ ಮಲಗಿದ್ದರೂ ಮೈಗೆ ದಕ್ಕಿದ ನಿದ್ದೆ ಕಡಿಮೆ. ಅದರ ಮೇಲೆ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಸೇರಿ, ಜ್ವರ ಬಂದಾಗ ಮೈ ಭಾರವಾಗುವಂತೆಯೇ ಜ್ವರವಿಲ್ಲದೆಯೂ ಮೈಯನ್ನು ಕುಗ್ಗಿಸುತ್ತವೆ. ಸಾಲದ್ದಕ್ಕೆ ಮಾತ್ರೆ. ಮೂಗಿನಲ್ಲಿ ಕಾಟ ಕೊಡುವ ಹಿಸ್ಟಮಿನ್ನೇ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕವೂ ಹೌದು. ಕ್ಲೋರ್‌ಫೆನಿರಮಿನ್, ಫೆನಿರಮಿನ್‌ನಂಥ ಹಳೆಯ ನೆಗಡಿ ಮಾತ್ರೆಗಳು ಮಿದುಳಿಗೂ ಇಳಿದು ಅಲ್ಲಿನ ಹಿಸ್ಟಮಿನ್ನನ್ನೂ ತಡೆಯುತ್ತವೆ. ರಾತ್ರಿ ನುಂಗಿದ್ದರ ಮಂಪರು ಮರುದಿನ ಬೆಳಗಿನವರೆಗೂ ಎಳೆಯುತ್ತದೆ. ಸೆಟಿರಿಜಿನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ. ಫೆಕ್ಸೊಫೆನಡಿನ್‌ನಲ್ಲಿ ಅದು ತೀರ ಕಡಿಮೆ. ಮೂಗು ಕಟ್ಟುವುದೇ ಮುಖ್ಯ ತೊಂದರೆಯಾದವರಿಗೆ ವೈದ್ಯರು ಮೂಗಿಗೆ ಹೊಡೆದುಕೊಳ್ಳುವ ಸ್ಟೀರಾಯ್ಡ್ ಸ್ಪ್ರೇ ಬರೆಯುತ್ತಾರೆ. ಅದನ್ನು ದಿನವೂ ಬಳಸಬೇಕು, ಗುಣ ಕಾಣಲು ಕೆಲವು ದಿನ ಹಿಡಿಯುತ್ತದೆ. ಮೆಡಿಕಲ್ ಸ್ಟೋರಿನ ಕಟ್ಟೆಯಲ್ಲಿ ನಿಂತು ಮಾತ್ರೆ ಕೇಳುವ ಬದಲು ವೈದ್ಯರೊಡನೆ ಈ ಮಾತು ಆಡುವುದು ಒಳ್ಳೆಯದು. ಸುಸ್ತು ಋತು ಕಳೆದ ಮೇಲೂ ಹೋಗದಿದ್ದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಬೇಕು.

ಪಕ್ಷಿ ನೋಡುವವರು ಇಟ್ಟುಕೊಳ್ಳುವಂಥ ಟಿಪ್ಪಣಿ ಪುಸ್ತಕ ಅಲರ್ಜಿಯವರಿಗೂ ಬೇಕು. ನಾನು ಒಂದೇ ಪುಟದಲ್ಲಿ ಎರಡನ್ನೂ ಬರೆಯುತ್ತೇನೆ: ಎಡಕ್ಕೆ ಗಾಳಿ, ಮಳೆ, ಯಾವ ಗಿಡ ಹೂವಾಗಿದೆ, ಬಲಕ್ಕೆ ನಿದ್ದೆ ಹೇಗಿತ್ತು, ಯಾವ ಹೊತ್ತಿನಲ್ಲಿ ಮೈ ಹಗುರಾಗಿತ್ತು. ಕೆಲವು ಋತು ಕಳೆದರೆ ನಕ್ಷೆಯೊಂದು ತಾನಾಗಿ ಮೂಡುತ್ತದೆ. ಜಡಿಮಳೆ ಹಿಡಿದ ದಿನ ಗಾಳಿ ತೊಳೆದು ಉಸಿರು ಸಲೀಸು. ಮಳೆ ಬಿಟ್ಟು ಒಣಗಾಳಿ ಬೀಸುವ ಎಳೆಬಿಸಿಲಿನ ದಿನ ಕಷ್ಟ. ನನ್ನ ಮಟ್ಟಿಗೆ ಬೆಳಗು ಕೆಟ್ಟದ್ದು, ನಡುಮಧ್ಯಾಹ್ನದ ನಂತರ ಒಳ್ಳೆಯದು. ಹಾಗಾಗಿ ಆ ತಿಂಗಳುಗಳಲ್ಲಿ ಬರವಣಿಗೆ, ಬ್ಯಾಂಕಿನ ಕೆಲಸ, ನಡಿಗೆ ಎಲ್ಲ ಸಂಜೆಯ ಕಡೆಗೆ. ಮೈ ಒಪ್ಪದ ಹೊತ್ತಿನಲ್ಲಿ ಅದರೊಡನೆ ಗುದ್ದಾಡಿ ಗೆದ್ದವರನ್ನು ನಾನು ಕಂಡಿಲ್ಲ. ಹೊರಗಿನಿಂದ ಬಂದೊಡನೆ ಸ್ನಾನ, ಬಟ್ಟೆ ಬದಲು. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆದು ಮಲಗಿದರೆ ರಾತ್ರಿ ಎಷ್ಟೋ ವಾಸಿ. ಬರಿ ನಲ್ಲಿ ನೀರು ಇದಕ್ಕೆ ಬೇಡ.

ವರ್ಷವಿಡೀ ಸುಸ್ತಿರುವವರು ಹಾಸಿಗೆಯ ಕಡೆ ನೋಡಬೇಕು. ಹತ್ತಿ ಹಾಸಿಗೆ, ದಿಂಬುಗಳಲ್ಲಿ ಧೂಳಿನ ನುಸಿಗಳು ನಮ್ಮ ಚರ್ಮದ ಹೊಟ್ಟು ತಿಂದು ಬದುಕುತ್ತವೆ. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದರಷ್ಟು. ತೊಂದರೆ ಕೊಡುವುದು ಮುಖ್ಯವಾಗಿ ಅವುಗಳ ಹಿಕ್ಕೆ. ಇವುಗಳಿಗೆ ನೀರು ಕುಡಿಯುವ ಬಾಯಿಲ್ಲ. ಗಾಳಿಯ ತೇವವನ್ನೇ ಹೀರಬೇಕು, ಆದ್ದರಿಂದ ಮಳೆಗಾಲದಲ್ಲಿ ಹೆಚ್ಚುತ್ತವೆ. ಹಾಸಿಗೆಯನ್ನು ಸುಡುಬಿಸಿಲಿಗೆ ಹಾಕಿ ಬಡಿಯುವ ನಮ್ಮ ಅಜ್ಜಿಯರ ಪದ್ಧತಿಯಲ್ಲಿ ತಿರುಳಿದೆ. ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ಬಡಿಯುವ ಕೆಲಸ ಮಾತ್ರ ಅಲರ್ಜಿ ಇಲ್ಲದವರದಾಗಲಿ.

ಮತ್ತೆ ಗಿಡಕ್ಕೆ ಬರುತ್ತೇನೆ. ಅಮೆರಿಕ ಖಂಡದಿಂದ ಬಂದ ಈ ಕಳೆ 1950ರ ದಶಕದಲ್ಲಿ ಪುಣೆಯ ಸುತ್ತ ಕಣ್ಣಿಗೆ ಬಿದ್ದು, ಮುಂದೆ ದೇಶವೆಲ್ಲ ಹಬ್ಬಿತು. ಅದನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಬಯಲಿಗೆ ಬಿಟ್ಟರು. ಬಿಳಿ ಮಾಸಲು ರೆಕ್ಕೆಯ ಮೇಲೆ ಕಡುಗಂದು ಗೆರೆಗಳಿರುವ ಈ ದುಂಬಿ ಒಣಗಾಲದಲ್ಲಿ ಮಣ್ಣೊಳಗೆ ಮಲಗಿದ್ದು ಮಳೆಗೆ ಹೊರಬರುತ್ತದೆ. ಗಿಡವನ್ನು ಬರಿಯ ಕಡ್ಡಿಯಾಗಿಸಿದ್ದನ್ನು ನಾನು ಕಂಡಿದ್ದೇನೆ. ಆದರೆ ಅದರ ಪಕ್ಕದ ಸೈಟಿನಲ್ಲೇ ಗಿಡ ಎದೆಮಟ್ಟ ಬೆಳೆದು ಹೂ ತುಂಬಿ ನಿಂತಿರುತ್ತದೆ. ದುಂಬಿಯನ್ನೇ ನಂಬಿ ಕೂರುವಂತಿಲ್ಲ.

ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಹಾಗಾಗಿ ಹೂ ಬಿಟ್ಟ ಮೇಲೆ ಕಡಿದರೆ ಅರ್ಧ ಕೆಲಸ ಕೆಟ್ಟಂತೆಯೇ. ನೆಲ ಹಸಿಯಾಗಿರುವಾಗ, ಗಿಡ ಇನ್ನೂ ಕಾಂಡ ಎತ್ತುವ ಮೊದಲೇ, ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಬೇರುಸಹಿತ ಕೀಳಬೇಕು. ತೆರವಾದ ಜಾಗದಲ್ಲಿ ಚಗಚೆಯನ್ನೋ ಚೆಂಡು ಹೂವನ್ನೋ ಬಿತ್ತಿ. ಶಾಲೆಯ ಮಕ್ಕಳನ್ನು ಈ ಕೆಲಸಕ್ಕೆ ಇಳಿಸಬೇಡಿ, ಪೌರಕಾರ್ಮಿಕರನ್ನು ಬರಿಗೈಯಲ್ಲಿ ಕಳಿಸಬೇಡಿ. ಅಲರ್ಜಿಯಿಂದ ಸೋತವರು ನಿಮ್ಮ ಬೀದಿಯಲ್ಲೂ ಇದ್ದಾರೆ. ಅವರು ಕೀಳಲಾಗದ ಗಿಡವನ್ನು, ಹೂ ಬಿಡುವ ಮುನ್ನ, ನೀವು ಕಿತ್ತುಕೊಡಿ.